ಬಾವರ್ಚಿ ಇನಾಯತನ ನೀರಿನ ಗುಳಿಗೆ

ಇನಾಯತ್ ಉಲ್ಲಾ ಮಾಡಿದ ಬಿರಿಯಾನಿ ತಿನ್ನದವರು ಶಿಕಾರಿಪುರದಲ್ಲಿ ಯಾರಾದರೂ ಇದ್ದರೆ ಅವರು ಒಂದೋ ಸಸ್ಯಾಹಾರಿಗಳಾಗಿರಬೇಕು, ಇಲ್ಲವೇ ಅವರನ್ನು ಯಾರೂ ಮದುವೆಗೆ ಕರೆಯುವುದಿಲ್ಲ ಎಂದು ಅರ್ಥ. ನಮ್ಮೂರಿಂದ ಸೊರಬದವರೆಗೆ, ಅದರಾಚೆ ಉಳವಿಯವರೆಗೂ ಮುಸ್ಲಿಮರ ಮನೆಯಲ್ಲಿ ಶಾದಿ ಗೊತ್ತಾದರೆ ಮೊದಲು ಇನಾಯತ್ ಬಿಡುವಾಗಿದ್ದಾನೋ ಎಂದು ಕೇಳುತ್ತಿದ್ದರು, ಆಮೇಲೆ ಖಾಜಿಯವರನ್ನು. ನಮ್ಮವರ ಬೀಗರ ಊಟಕ್ಕೂ ಅವನೇ ಬೇಕು. ಅಂಥವನು ಈಗ ಮನೆಯ ಮುಂದಿನ ಕೋಣೆಯಲ್ಲಿ ಮಂಚದ ಮೇಲಿದ್ದಾನೆ, ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುತ್ತಾಳೆ. ಯಾಕೆ ಹೀಗಾಯಿತು ಎಂದು ಓಣಿಯಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ, ಮತ್ತು ಆ ಉತ್ತರ ಸುಳ್ಳು. ನನ್ನ ಸಿಟ್ಟೆಲ್ಲ ಅದಕ್ಕೆ.

ನಾನು ಚಿಕ್ಕಬೀರಪ್ಪ. ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಬಿರಿಯಾನಿ ಬೇಯಿಸುವ ದೊಡ್ಡ ತಾಮ್ರದ ಪಾತ್ರೆಗೆ ಅವರು ದೇಗ್ ಅನ್ನುತ್ತಾರೆ. ಇನಾಯತ್ ಬೇರೆ ಯಾರ ದೇಗನ್ನೂ ಮುಟ್ಟುತ್ತಿರಲಿಲ್ಲ, ನನ್ನವೇ ಆಗಬೇಕು. ಹಾಗಾಗಿ ಅವನು ಹೋದ ಕಡೆಗೆಲ್ಲ ನನ್ನ ಲಗೇಜ್ ಗಾಡಿ ಹೋಗುತ್ತಿತ್ತು, ಗಾಡಿಯ ಜೊತೆ ನಾನೂ ಹೋಗುತ್ತಿದ್ದೆ. ಇಬ್ಬರ ಮನೆಯೂ ಒಂದೇ ಓಣಿಯಲ್ಲಿ, ಎದುರು ಬದುರು. ನಾವಿಬ್ಬರೂ ಒಬ್ಬರ ಕಾಲನ್ನೊಬ್ಬರು ಎಳೆಯದೆ ಒಂದು ದಿನವೂ ಕಳೆದವರಲ್ಲ. ರಂಜಾನ್ ತಿಂಗಳಲ್ಲಿ ಇಫ್ತಾರಿಗೆ ಅಡುಗೆ ಮಾಡುವಾಗ ಅವನು ರೋಜಾ ಇರುತ್ತಿದ್ದ, ರುಚಿ ನೋಡುವಂತಿಲ್ಲ. ಆಗ ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದ: "ಬೀರಣ್ಣಾ, ನಿನ್ ನಾಲಗೆ ತಗೊಂಡ್ ಬಾ. ಬ್ಯಾರೆ ಯಾವ್ ಕೆಲ್ಸಕ್ಕೂ ಬರಂಗಿಲ್ಲ, ಉಪ್ಪು ನೋಡಾಕಾದ್ರೂ ಬರ್ಲಿ!"

ಮನುಷ್ಯ ಕುಳ್ಳ, ಗಡ್ಡಕ್ಕೆ ಮೆಹಂದಿ, ಮೊಣಕಾಲಿನ ಮೇಲಕ್ಕೆ ಕಟ್ಟಿದ ಲುಂಗಿ, ಹೆಗಲ ಮೇಲೆ ಒಂದು ಟವೆಲ್ಲು. ಈರುಳ್ಳಿ ಹೆಚ್ಚಲು, ಮಾಂಸ ತೊಳೆಯಲು ಜನ ಇರುತ್ತಿದ್ದರು. ಆದರೆ ಸೌಟು ಮಾತ್ರ ಅವನ ಕೈಯಲ್ಲೇ. ಈ ವಿದ್ಯೆ ಕಲಿಸಿದ್ದು ಅವನ ಸೋದರಮಾವ. ಆ ಮಾವ ಏಟು ಕೊಟ್ಟು ಕಲಿಸಿದ ಒಂದು ಕಟ್ಟಳೆ ಇತ್ತು: ದಮ್ ಹಾಕಿದ ಮೇಲೆ ಬಾವರ್ಚಿ ದೇಗ್ ಬಿಟ್ಟು ಕದಲಬಾರದು. ದಮ್ ಅಂದರೆ, ಅರೆಬೆಂದ ಅನ್ನವನ್ನು ಮಾಂಸದ ಮೇಲೆ ಹರವಿ, ಮುಚ್ಚಳ ಮುಚ್ಚಿ, ಅಂಚಿಗೆಲ್ಲ ಗೋಧಿಹಿಟ್ಟಿನ ಕಣಕ ಮೆತ್ತಿ, ಉಸಿರು ಹೊರಗೆ ಹೋಗದಂತೆ ಬೇಯಿಸುವುದು. ಆಗ ಕೆಳಗಿನ ಸೌದೆಯನ್ನು ಸರಿಯಾದ ಹೊತ್ತಿಗೆ ಎಳೆಯಬೇಕು, ಮುಚ್ಚಳದ ಮೇಲೆ ಕೆಂಡ ಹರಡಬೇಕು. ತುಸು ತಡವಾದರೆ ತಳ ಹಿಡಿಯುತ್ತದೆ. ಒಳಗೆ ಏನಾಗುತ್ತಿದೆ ಎಂದು ತೆರೆದು ನೋಡುವಂತಿಲ್ಲ. ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ವಾಸನೆ ಹಿಡಿಯುತ್ತ ಕಾಯಬೇಕು. ಇನಾಯತ್ ಹಾಗೆ ಕೂತಾಗ ಮದುಮಗನೇ ಬಂದು ಸಲಾಂ ಹೇಳಿದರೂ ತಲೆ ಎತ್ತುತ್ತಿರಲಿಲ್ಲ.

ಅವನಿಗೆ ಬಿ.ಪಿ. ಇದೆ ಎಂದು ಗೊತ್ತಾದದ್ದು ಉರ್ದು ಶಾಲೆಯ ಅಂಗಳದಲ್ಲಿ ನಡೆದ ತಪಾಸಣೆಯಲ್ಲಿ. ಅವನಾಗಿ ಹೋದವನಲ್ಲ, ಹೆಂಡತಿ ಶಹಜಹಾನ್ ಬೇಗಂ ಎಳೆದುಕೊಂಡು ಹೋಗಿದ್ದಳು. ತೋಳಿಗೆ ಪಟ್ಟಿ ಸುತ್ತಿ ನೋಡಿದವಳು ಸಿಸ್ಟರ್ ಮೇಘನಾ, ಓಣಿಯ ಆರೋಗ್ಯ ಕೇಂದ್ರದ ಹುಡುಗಿ. ಒಮ್ಮೆ ನೋಡಿದಳು, ನಂಬಿಕೆ ಬರದೆ ಇನ್ನೊಮ್ಮೆ ನೋಡಿದಳು, ಮುಖ ಸಣ್ಣದು ಮಾಡಿಕೊಂಡಳು.

"ಚಾಚಾ, ನಿಮಗೆ ಭಾಳ ಬಿ.ಪಿ. ಐತಿ. ಇವತ್ತಿಂದಲೇ ಗುಳಿಗೆ ಶುರು ಮಾಡ್ಬೇಕು."

"ತಲೆ ನೋಯಂಗಿಲ್ಲ, ತಿರುಗಂಗಿಲ್ಲ, ಯಾವ್ ಬಿ.ಪಿ. ಬೇಟಿ? ಬೆಂಕಿ ಮುಂದ ಕೂತು ಬಂದೀನಿ, ಅದಕ್ಕ ಹಂಗ ತೋರ್ಸ್ತೈತಿ," ಅಂದ ಇನಾಯತ್.

ಬೇಗಂಗೂ ಅದೇ ದಿನ ಬಿ.ಪಿ. ಸಿಕ್ಕಿತು, ಅವನಿಗಿಂತ ಕಡಿಮೆ. ಆದರೆ ಅವಳು ಹೇಳಿದ ಮಾತು ಕೇಳುವ ಹೆಂಗಸು. ಅಂದಿನಿಂದ ಬೆಳಗಿನ ನಮಾಜು ಆದ ಕೂಡಲೇ ಗಂಡನ ಅಂಗೈಗೆ ಒಂದು ಮಾತ್ರೆ, ತನ್ನ ಬಾಯಿಗೆ ಒಂದು. ಮಾತ್ರೆ ತರಲು ಕೇಂದ್ರಕ್ಕೆ ಅಲೆಯುವವಳೂ ಅವಳೇ. ಮಾತ್ರೆ ಇದ್ದರೆ ಡಾಕ್ಟರು ಬಂದಿರುವುದಿಲ್ಲ, ಡಾಕ್ಟರು ಬಂದಿದ್ದರೆ ಮಾತ್ರೆ ಬಂದಿರುವುದಿಲ್ಲ. ಎರಡೂ ಬಂದಿದ್ದ ದಿನ ಸಾಲು ಬೀದಿಗೆ ಬಂದಿರುತ್ತದೆ. ಬೇಗಂ ಮಾತ್ರ ಯಾರಿಗೂ ಬೈಯದೆ ಕೊಡೆ ಹಿಡಿದು ನಿಂತು, ಇಬ್ಬರದನ್ನೂ ತರುತ್ತಿದ್ದಳು. ಸಿಗದಿದ್ದರೆ ಮೆಡಿಕಲ್ ಶಾಪಿನಿಂದ ತರುತ್ತಿದ್ದಳು. ಒಂದು ದಿನವೂ ತಪ್ಪಿಸಲಿಲ್ಲ. ಈ ಮಾತನ್ನು ಓದುವವರು ನೆನಪಿಡಬೇಕು, ಯಾಕೆಂದರೆ ಆಮೇಲೆ ಓಣಿಯೆಲ್ಲ ನ್ಯಾಯ ತೀರಿಸಿದ್ದು ಇದೊಂದರ ಮೇಲೆ.

ಕೆಲವು ತಿಂಗಳಾದರೂ ಇನಾಯತನ ಬಿ.ಪಿ. ಇಳಿಯಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿದರು. ಹೊಸದರಲ್ಲಿ ನೀರು ಇಳಿಸುವ ಔಷಧಿಯೂ ಸೇರಿತ್ತು. ಮೈಯಲ್ಲಿನ ಉಪ್ಪು, ನೀರು ಹೊರಗೆ ಹೋಗಲಿ ಎಂದು ಕೊಡುವ ಮಾತ್ರೆ ಅದು. ತೆಗೆದುಕೊಂಡ ಮೇಲೆ ಒಂದಷ್ಟು ಹೊತ್ತು ಮೂತ್ರಕ್ಕೆ ಓಡಾಟ ಜಾಸ್ತಿ. ಮನೆಯಲ್ಲಿದ್ದವನಿಗೆ ಅದೇನು ದೊಡ್ಡದಲ್ಲ. ಆದರೆ ಶಾದಿ ಮಹಲಿನ ಹಿತ್ತಿಲಲ್ಲಿ ಬೆಂಕಿಯ ಮುಂದೆ ಕೂತವನಿಗೆ?

ಈ ಕಲ್ಯಾಣ ಮಂಟಪ ಕಟ್ಟುವವರ ಬಗ್ಗೆ ನನಗೆ ಒಂದು ಮಾತು ಹೇಳಲಿಕ್ಕಿದೆ. ಮುಂದುಗಡೆ ಗಾಜು, ಕಾರಂಜಿ, ಗಂಡಿನವರ ಕೋಣೆ, ಹೆಣ್ಣಿನವರ ಕೋಣೆ ಎಲ್ಲ ಕಟ್ಟಿಸುತ್ತಾರೆ. ಊರಿಗೆಲ್ಲ ಉಣ್ಣಿಸುವವನು ಎಲ್ಲಿ ಮೂತ್ರಕ್ಕೆ ಹೋಗಬೇಕು ಎಂದು ಒಬ್ಬ ಯಜಮಾನನೂ ಯೋಚಿಸಿಲ್ಲ. ಒಳಗಿನ ಪಾಯಖಾನೆಗೆ ಮಸಾಲೆ ಮೆತ್ತಿದ ಲುಂಗಿಯಲ್ಲಿ ಹೋದರೆ ವಾಚ್‌ಮನ್ ತಡೆಯುತ್ತಾನೆ. ಚೊಂಬು ಹಿಡಿದು ಹಿಂದಿನ ಗದ್ದೆಗೆ ಹೋಗಬೇಕು. ಇನಾಯತ್ ಬೇರೆ ಶುದ್ಧದ ಮನುಷ್ಯ. ನೀರು ಬಳಸಿ, ಕೈಕಾಲು ತೊಳೆದೇ ಮತ್ತೆ ದೇಗಿನ ಹತ್ತಿರ ಬರಬೇಕು. ಅಷ್ಟು ಹೊತ್ತು ಬೆಂಕಿ ಇವನಿಗಾಗಿ ಕಾಯುತ್ತದೆಯೇ?

ಸೊರಬದಲ್ಲಿ ಕಾಯಲಿಲ್ಲ. ಮಂಡಿಯ ವ್ಯಾಪಾರಿ ಹಾಜಿ ಶಾನವಾಜ್ ಸಾಹೇಬರ ಹಿರಿಮಗಳ ಮದುವೆ ಅದು. ಕಣಕ ಮೆತ್ತಿ ಆಗಿತ್ತು. ಇನಾಯತ್ ಒಮ್ಮೆ ಎದ್ದು ಹೋಗಿ ಬಂದ. ಕೂತ. ಮತ್ತೆ ಚಡಪಡಿಸಿದ. ತಡೆಯಲಾಗದೆ ಎದ್ದು, ಸೌದೆ ಎಳೆಯಲು ಆಳಿಗೆ ಹೇಳಿ, ಚೊಂಬು ಹಿಡಿದು ಓಡಿದ. ಆಳು ಎಡಗಡೆಯ ದೇಗಿನ ಸೌದೆ ಎಳೆದ, ಬಲಗಡೆಯದನ್ನು ಮರೆತ. ಪಂಕ್ತಿಯಲ್ಲಿ ಬಡಿಸುವಾಗ ಸುಟ್ಟ ವಾಸನೆ ಹಾಲ್ ತುಂಬ ಹರಡಿತು. ಹಾಜಿ ಸಾಹೇಬರು ಬೀಗರ ಮುಂದೆ ತಲೆ ತಗ್ಗಿಸಿ ನಿಂತರು. ಆಮೇಲೆ ಹಿತ್ತಿಲಿಗೆ ಬಂದು, ಎಲ್ಲರೂ ನಿಂತಿರುವಾಗಲೇ ಹೇಳಿದರು: "ಎಂತ ಮಾರಾಯ ಇದು? ನಿನ್ನ ಹೆಸರು ಕೇಳಿ ಕರೆಸಿದ್ದಕ್ಕೆ ನನ್ನ ಮರ್ಯಾದೆ ಸುಟ್ಟು ಹಾಕಿದೆಯಲ್ಲ!"

ಇನಾಯತ್ ದೇಗುಗಳನ್ನು ಗಾಡಿಗೆ ಹೇರಿಸಿದ. ಹಿಂತಿರುಗುವಾಗ ಗಾಡಿಯಲ್ಲಿ ನನ್ನ ಪಕ್ಕ ಕೂತು ಅತ್ತ. ಗಡ್ಡ ನೆರೆತ ಮನುಷ್ಯ, ಮಗುವಿನ ಹಾಗೆ.

"ಮಾಮು ಬದುಕಿದ್ದಿದ್ರ ಸೌಟಿನಿಂದ ಹೊಡೀತಿದ್ರು ಬೀರಣ್ಣ," ಅಂದ. "ಈ ಗುಳಿಗಿ ನನ್ನ ಕೂಡಾಕ ಬಿಡವಲ್ದು. ಉಚ್ಚಿ ಹೊಯ್ಯೋದ ಒಂದ್ ಕೆಲ್ಸ ಆಗೇತಿ."

"ಸಿಸ್ಟರಿಗೆ ಹೇಳು. ಬ್ಯಾರೆ ಗುಳಿಗಿ ಕೊಡ್ತಾರ."

"ಆ ಹುಡುಗಿ ಮುಂದ? ನಮ್ ಫರ್ಹಾನಾಗಿಂತ ಸಣ್ಣಾಕಿ! ಆಕಿ ಮುಂದ ನಿಂತು ನಂಗ ಉಚ್ಚಿ ತಡಿಯಾಕ ಆಗವಲ್ದವ್ವಾ ಅನ್ಲೇನು?"

ಫರ್ಹಾನಾ ಅವನ ಮಗಳು, ಹರಿಹರಕ್ಕೆ ಕೊಟ್ಟಿದೆ. ಇಡೀ ಮದುವೆ ಮನೆಯ ಮುಂದೆ ಮರ್ಯಾದೆ ಕಳೆದುಕೊಂಡವನಿಗೆ ಒಬ್ಬ ನರ್ಸ್ ಹುಡುಗಿಯ ಮುಂದೆ ಮೂರು ಮಾತು ಆಡುವುದು ಅದಕ್ಕಿಂತ ಕಷ್ಟವಾಯಿತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಾನೇ ಹೋಗಿ ಹೇಳಿದೆ. ಮೇಘನಾ ನಗಲಿಲ್ಲ, ಮುಜುಗರಪಡಲೂ ಇಲ್ಲ. "ಇದಕ್ಯಾಕೆ ಇಷ್ಟ್ ಸಂಕೋಚ ಅಣ್ಣಾ?" ಅಂದಳು. "ಚಾಚಾನ್ನ ಕರ್ಕೊಂಡ್ ಬರ್ರಿ. ಡಾಕ್ಟ್ರಿಗೆ ಹೇಳಿ ಬ್ಯಾರೆ ಗುಳಿಗಿ ಬರೆಸ್ತೀನಿ. ಇಲ್ಲಾಂದ್ರ ಅಡಿಗಿ ಇದ್ದ ದಿನ ಅಡಿಗಿ ಮುಗಿದ್ ಮ್ಯಾಲೆ ತಗೊಳ್ಳೋ ಹಂಗ ಡಾಕ್ಟ್ರನ್ನ ಕೇಳಾಣ. ಬಿಡೋದೊಂದ್ ಬ್ಯಾಡ."

ಇಷ್ಟೇ ಇಷ್ಟು ಸಂಗತಿ. ಒಂದು ಚೀಟಿ ಬದಲಾಗಿದ್ದರೆ ಸಾಕಿತ್ತು. ಆದರೆ ನಾನು ಹೇಳಿಬಂದದ್ದು ತಿಳಿದು ಇನಾಯತ್ ನನ್ನ ಅಂಗಡಿಯ ಮುಂದೆ ನಿಂತು ಕೂಗಾಡಿದ. "ನನ್ ಉಚ್ಚಿ ವಿಚಾರ ಊರ್ ತುಂಬ ಡಂಗುರ ಹೊಡಿಸ್ಕೊಂಡ್ ಬಂದೀಯಲ್ಲೋ! ದೋಸ್ತ್ ಅಂತ ಹೇಳಿದ್ರ ಹಿಂಗಾ ಮಾಡೋದು?" ಮೇಘನಾ ತಾನಾಗಿ ಅವನ ಮನೆಗೆ ಬಂದು, ಬೇಗಂ ಎದುರಿಗೆ ಬಹಳ ನಾಜೂಕಾಗಿ ಕೇಳಿದಳಂತೆ, "ಚಾಚಾ, ಗುಳಿಗೆಯಿಂದ ಏನಾರ ತ್ರಾಸ ಆಗ್ತೈತೇನು?" ಇವನು ಎದೆಯುಬ್ಬಿಸಿ, "ಏನೂ ಇಲ್ಲ ಬೇಟಿ, ಫಸ್ಟ್ ಕ್ಲಾಸ್," ಅಂದನಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಆ ಹುಡುಗಿಯ ಕಥೆ.

ಆಮೇಲೆ ಅವನು ಏನು ಮಾಡುತ್ತಿದ್ದ ಎಂಬುದು ನನಗೆ ಗೊತ್ತಾದದ್ದು ಉಡುತಡಿಯ ಹತ್ತಿರ ಒಂದು ಮನೆಯ ಅಡುಗೆಯಲ್ಲಿ. ದೇಗ್ ಇಳಿಸಿ ನಿಂತಿದ್ದೆ. ಇನಾಯತ್ ಅಂಗಿಯ ಜೇಬಿನಿಂದ ಏನನ್ನೋ ತೆಗೆದು ಒಲೆಗೆ ಎಸೆದ. ಕೆಲಸವಿದ್ದ ದಿನ ಅವನು ಬೇಗ ಮನೆ ಬಿಡುತ್ತಿದ್ದ. ಬೇಗಂ ಬಾಗಿಲಲ್ಲಿ ಅಂಗೈಗೆ ಮಾತ್ರೆ ಹಾಕಿ, "ತಿಂಡಿ ತಿಂದು ತಗೋರಿ," ಎನ್ನುತ್ತಿದ್ದಳು. ಇವನು ಜೇಬಿಗೆ ಹಾಕಿಕೊಂಡು ಬಂದು, ಒಲೆ ಹೊತ್ತಿಸಿದ ಮೇಲೆ ಅದರ ಬಾಯಿಗೆ ಕೊಡುತ್ತಿದ್ದ.

"ಏನೋ ಅದು?" ಅಂದೆ.

"ಒಲಿಗೂ ಬಿ.ಪಿ. ಐತಿ," ಅಂತ ನಕ್ಕ.

ನನಗೆ ನಗು ಬರಲಿಲ್ಲ. ಬಾಯಿಗೆ ಬಂದಂತೆ ಬೈದೆ. ಅವನು ಸಮಾಧಾನದಿಂದಲೇ ಹೇಳಿದ: "ಕೆಲ್ಸ ಇಲ್ಲದ್ ದಿನ ನುಂಗ್ತೀನಲ್ಲೋ. ಈ ಸೀಜನ್ ಒಂದ್ ಮುಗೀಲಿ, ಆಮ್ಯಾಲೆ ದಿನಾ ನುಂಗ್ತೀನಿ."

ನಮ್ಮ ಕಡೆ ಸೀಜನ್ ಮುಗಿಯುವುದುಂಟೇ? ಮದುವೆ ಇಲ್ಲದಿದ್ದರೆ ಗಂಡಿನ ಕಡೆಯ ವಲೀಮಾ ಊಟ, ವಲೀಮಾ ಇಲ್ಲದಿದ್ದರೆ ಗೃಹಪ್ರವೇಶ, ಅದೂ ಇಲ್ಲದಿದ್ದರೆ ಯಾರೋ ಎಲೆಕ್ಷನ್‌ಗೆ ನಿಂತಿರುತ್ತಾರೆ. ತಪಾಸಣೆಯ ದಿನ ಹತ್ತಿರ ಬಂದಾಗ ಮಾತ್ರ ಅವನು ನಿಯತ್ತಾಗಿ ನುಂಗುತ್ತಿದ್ದ, ಪರೀಕ್ಷೆ ಬಂದಾಗ ಪುಸ್ತಕ ತೆಗೆಯುವ ಹುಡುಗರ ಹಾಗೆ. ಮೇಘನಾ ಪಟ್ಟಿ ಸುತ್ತಿ, "ಪರವಾಗಿಲ್ಲ ಚಾಚಾ, ಇಳ್ದೈತಿ," ಅಂದರೆ, ಹೊರಗೆ ಬಂದು ನನಗೆ ಕಣ್ಣು ಹೊಡೆಯುತ್ತಿದ್ದ.

ಬೇಗಂಗೂ ಹೇಳಿ ನೋಡಿದೆ. "ಭಾಬಿ, ಇವ್ನು ಗುಳಿಗಿ ನುಂಗಂಗಿಲ್ಲ, ಒಲಿಗೆ ಹಾಕ್ತಾನ."

ಅವಳು ನಕ್ಕುಬಿಟ್ಟಳು. "ನಾನೇ ಕೈಯಾಗ ಕೊಡ್ತೀನಿ ಬೀರಣ್ಣ. ಗುಳಿಗಿ ಪಟ್ಟಿ ನೋಡ್ರಿ, ಎಲ್ಲ ಖಾಲಿ. ನಿಮ್ಮಿಬ್ಬರದೂ ದಿನಾ ಇದೇ ತಮಾಷೆ."

ಇನಾಯತ್ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. "ನನ್ ಮ್ಯಾಲೆ ಹೊಟ್ಟಿಕಿಚ್ಚು ಇವ್ನಿಗೆ. ಇವ್ನ ಬಿ.ಪಿ. ಇಳಿಯವಲ್ದು, ನಂದು ಇಳಿದೈತಿ," ಅಂದ. ನನಗೂ ಬಿ.ಪಿ. ಇದೆ, ಅದು ಅವರಿಗೆ ಗೊತ್ತು. ಗಂಡಹೆಂಡಿರು ಇಬ್ಬರೂ ನಕ್ಕರು. ವರ್ಷಗಟ್ಟಲೆ ತಮಾಷೆ ಮಾಡಿದವನು ಒಂದು ದಿನ ನಿಜ ಹೇಳಿದರೆ ಯಾರು ನಂಬುತ್ತಾರೆ?

ಹೀಗಿರುವಾಗ ಸೊರಬದ ಹಾಜಿ ಸಾಹೇಬರಿಂದಲೇ ಮತ್ತೆ ಕರೆ ಬಂತು. ಕಿರಿಮಗಳು ಶಾಹಿಸ್ತಾಳ ಮದುವೆ. "ಮನೆ ಹೆಂಗಸರು ನಿನ್ನ ಕೈಯದೇ ಬೇಕು ಅಂತಾರೆ ಮಾರಾಯ. ಈ ಸಲ ತಳ ಹಿಡಿಸಬೇಡ ಮತ್ತೆ," ಅಂದರಂತೆ. ಇನಾಯತ್ ಆ ಮಾತನ್ನು ನನಗೆ ಎಷ್ಟು ಸಲ ಹೇಳಿದನೋ. ಒಮ್ಮೆ ಹೆಮ್ಮೆಯಿಂದ, ಒಮ್ಮೆ ಹಲ್ಲು ಕಡಿದುಕೊಂಡು. ಕಳೆದ ಮರ್ಯಾದೆ ವಾಪಸು ತರುವ ದಿನ ಅದು ಅವನಿಗೆ. ಅಕ್ಕಿ ತಾನೇ ಹೋಗಿ ಆರಿಸಿದ, ಸೌದೆ ಒಣಗಿದೆಯೋ ಎಂದು ತಟ್ಟಿ ನೋಡಿದ, ನನ್ನ ದೇಗುಗಳಿಗೆ ಹೊಸದಾಗಿ ಕಲಾಯಿ ಹಾಕಿಸಿದ. ಆ ಮದುವೆಯ ಹಿಂದುಮುಂದೆಲ್ಲ ಒಂದರ ಮೇಲೊಂದು ಅಡುಗೆಗಳಿದ್ದವು. ಹಾಗಾಗಿ ಮಾತ್ರೆಗಳೆಲ್ಲ ಸಾಲಾಗಿ ಒಲೆಯ ಪಾಲಾದವು.

ಅಂದು ಮಧ್ಯಾಹ್ನ ಎಲ್ಲ ಸರಿಯಾಗಿಯೇ ನಡೆದಿತ್ತು. ಅನ್ನ ಹರವಿ ಆಯಿತು, ಕಣಕ ಮೆತ್ತಿ ಆಯಿತು. ಇನಾಯತ್ ಎರಡು ದೇಗುಗಳ ನಡುವೆ ಕುಕ್ಕರುಗಾಲಲ್ಲಿ ಕೂತ. ನಾನು ಪ್ಲೇಟು ಎಣಿಸಿ ಕೊಟ್ಟು ಬಂದೆ. ಅವನು ಬಲಗೈ ಬೆರಳುಗಳನ್ನು ಮಡಚುತ್ತ ಬಿಡಿಸುತ್ತ ಇದ್ದ.

"ಬೀರಣ್ಣ, ಕೈ ಜೋಮು ಹಿಡ್ದಂಗ ಐತಿ."

ಮುಖ ನೋಡಿದೆ. ಬೆಂಕಿಗೆ ಕೆಂಪಾಗಿದೆ ಅಂದುಕೊಂಡರೂ, ಬಾಯಿಯ ಒಂದು ಬದಿ ಯಾಕೋ ಸರಿಯಿಲ್ಲ ಅನ್ನಿಸಿತು. "ಏಳು, ಏಳು. ಗಾಡಿ ಇಲ್ಲೇ ಐತಿ, ದವಾಖಾನಿಗೆ ಹೋಗಾಣ."

"ದಮ್ ಐತಿ."

"ದಮ್ ಮನಿ ಹಾಳಾಗ್ಲಿ, ಏಳೋ!" ರಟ್ಟೆ ಹಿಡಿದು ಎಳೆದೆ. ಅವನು ಎಡಗೈಯಿಂದ ಸೌಟು ಎತ್ತಿ ನನ್ನ ಎದೆಗೆ ಒತ್ತಿ ಹಿಂದಕ್ಕೆ ತಳ್ಳಿದ. "ಈ ಮನ್ಯಾಗ ಇನ್ನೊಂದ್ ಸಲ ತಳ ಹಿಡಿದ್ರ ನಾನ್ ಬದುಕಿ ಏನ್ ಮಾಡ್ಲಿ? ಹೋಗು, ನಿನ್ ಕುರ್ಚಿ ನೋಡ್ಕ ಹೋಗು."

ಮಾತು ಆಗಲೇ ತೊದಲುತ್ತಿತ್ತು. ನಾನು ಆಳುಗಳನ್ನು ಕೂಗಿದೆ. ಅವರು ಬಂದರೂ ಉಸ್ತಾದನ ಮೈ ಮುಟ್ಟಲು ಹೆದರಿ ಸುಮ್ಮನೆ ನಿಂತರು, ನನ್ನೊಬ್ಬನ ಕೈಯಲ್ಲಿ ಅವನನ್ನು ಎತ್ತಲಾಗಲಿಲ್ಲ. ಹೇಳಿದರೆ ನಂಬಲಿಕ್ಕಿಲ್ಲ, ಕೈ ಸೋತು ಹೋಗುತ್ತಿರುವಾಗಲೂ ಅವನು ಸೌದೆ ಎಳೆಯುವ ಹೊತ್ತಿಗೆ ಸರಿಯಾಗಿ ಎಡಗೈ ಸನ್ನೆ ಮಾಡಿ ಸೌದೆ ಎಳೆಸಿದ, ಕೆಂಡ ಹರಡಿಸಿದ, ಕಾದ. ತೆರೆಯುವ ಹೊತ್ತು ಬಂದಾಗ ಕಣಕ ಒಡೆದು, ಮುಚ್ಚಳಕ್ಕೆ ಬಲಗೈ ಹಾಕಿದ. ಕೈ ಮೇಲೇಳಲಿಲ್ಲ. ನನ್ನ ಕಡೆ ತಿರುಗಿ ಏನೋ ಅಂದ. ಅದು ಮಾತಾಗಿರಲಿಲ್ಲ, ಬಾಯಿಂದ ಜೊಲ್ಲು ಇಳಿಯಿತು. ಹಾಗೆಯೇ ಸೌದೆ ರಾಶಿಯ ಮೇಲೆ ಕುಸಿದ.

ಗಲಾಟೆ ಕೇಳಿ ಹಾಜಿ ಸಾಹೇಬರು ಓಡಿ ಬಂದರು. ಯಾರೋ ಮುಚ್ಚಳ ತೆಗೆದಿದ್ದರು, ಘಮ ಎದ್ದಿತ್ತು. ಅವರು ಮೊದಲು ದೇಗಿನೊಳಗೆ ಬಗ್ಗಿ ನೋಡಿದರು. "ಅಲ್‌ಹಮ್ದುಲಿಲ್ಲಾ, ತಳ ಹಿಡಿದಿಲ್ಲ," ಅಂದರು. ಆಮೇಲೆ ಕೆಳಗೆ ಬಿದ್ದವನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಕಂಗಾಲಾಗಿ ತಾವೇ ಕಾಲು ಹಿಡಿದು ಗಾಡಿಗೆ ಎತ್ತಿದರು. ಆದರೆ ಆ ಮೊದಲಿನ ನೋಟವನ್ನು ನಾನು ಮರೆಯಲಾರೆ. ಗಾಡಿ ಹೊರಡುವಾಗ ಒಳಗೆ ಯಾರೋ ರಾಯತ ಸಾಲದು ಎಂದು ಕೂಗುತ್ತಿದ್ದರು.

ಸೊರಬದಲ್ಲಿ ನೋಡಿ ಶಿವಮೊಗ್ಗಕ್ಕೆ ಕಳಿಸಿದರು. ತಲೆಯೊಳಗೆ ರಕ್ತ ಸೋರಿತ್ತು. ಅಲ್ಲಿನ ಡಾಕ್ಟರು, "ಬಿ.ಪಿ. ಮಾತ್ರೆ ತಗೋತಾ ಇದ್ರಾ?" ಎಂದು ಕೇಳಿದಾಗ ಮಗ ಅರ್ಫಾತ್, "ದಿನಾ ತಗೋತಿದ್ರು ಸರ್, ಅಮ್ಮೀನೇ ಕೊಡ್ತಿದ್ರು," ಅಂದ. ನಾನು, "ಇಲ್ಲ ಸರ್," ಅಂದೆ. ಡಾಕ್ಟರು ಇಬ್ಬರ ಮುಖವನ್ನೂ ನೋಡಿ ಮುಂದಿನ ಹಾಸಿಗೆಗೆ ಹೋದರು. ಅರ್ಫಾತ್ ಆಮೇಲೆ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಜೀವ ಉಳಿಯಿತು. ಮಾತು ಹೋಯಿತು, ಬಲಗೈ, ಬಲಗಾಲು ಹೋಯಿತು. ಮನೆಗೆ ತಂದ ಮೇಲೆ ನಿಧಾನವಾಗಿ ಅರಿವೆಲ್ಲ ತಿಳಿಯಾಯಿತು. ಹೇಳಿದ್ದು ಪೂರ್ತಿ ಅರ್ಥವಾಗುತ್ತದೆ. ನೀರು ಬೇಕಾ ಅಂದರೆ ಗೋಣು ಹಾಕುತ್ತಾನೆ, ಫ್ಯಾನು ಬೇಡವಾದರೆ ತಲೆ ಅಲ್ಲಾಡಿಸುತ್ತಾನೆ. ಹೌದು, ಅಲ್ಲ ಎನ್ನಲು ಅವನ ತಲೆಯೊಂದು ಉಳಿದಿತ್ತು.

ನೋಡಲು ಬಂದವರಲ್ಲಿ ಸೈಕಲ್ ಶಾಪಿನ ಹುಚ್ಚರಾಯಪ್ಪ ಮೊದಲಿಗ. ಅವನಿಗೂ ಬಿ.ಪಿ. ಇದೆ, ಮಾತ್ರೆ ಕಂಡರೆ ಆಗುವುದಿಲ್ಲ, ನೆಪಕ್ಕೆ ಕಾಯುತ್ತಿದ್ದ. ಬೇಗಂ ಖಾಲಿ ಪಟ್ಟಿಗಳನ್ನು ತಂದು ತೋರಿಸಿ, "ಒಂದ್ ದಿನ ತಪ್ಪಿಸಿಲ್ಲ ಅಣ್ಣಾ, ನನ್ ಕೈಯಾರೆ ಕೊಟ್ಟೀನಿ, ಆದ್ರೂ ಹಿಂಗಾತು," ಎಂದು ಅತ್ತಳು. ಹುಚ್ಚರಾಯಪ್ಪ ಗಂಭೀರವಾಗಿ ತಲೆದೂಗಿದ.

"ಆದ್ರೂ ಅಲ್ಲಮ್ಮಾ, ಅದಕ್ಕೇ ಆಗಿದ್ದು. ಆ ಗುಳಿಗಿ ರಕ್ತಾನ ನೀರು ಮಾಡ್ತಾವ. ನೀರಾದ ರಕ್ತ ತಲಿಗೇರಿ ಒಡೀತು. ಗಟ್ಟಿಮುಟ್ಟಾಗಿದ್ದ ಮನುಷ್ಯ, ತಲಿನೋವು ಸೈತ ಇರ್ಲಿಲ್ಲ!"

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಸಂಜೆಯೊಳಗೆ ಮಾತು ನಲ್ಲಿಕಟ್ಟೆ ಮುಟ್ಟಿತು. ಮೇಘನಾ ಮಾತ್ರೆ ಕೊಡಲು ಬಂದರೆ ಬಾಗಿಲುಗಳು ಮುಚ್ಚಿದವು. ನಾನು ಒಬ್ಬೊಬ್ಬರನ್ನೇ ನಿಲ್ಲಿಸಿ ಹೇಳಿದೆ, ಅವನು ನುಂಗುತ್ತಿರಲಿಲ್ಲ, ನುಂಗದಿದ್ದಕ್ಕೇ ಹೀಗಾಯಿತು, ಕಣ್ಣಾರೆ ಕಂಡಿದ್ದೇನೆ ಎಂದು. "ಹಾಸಿಗಿ ಹಿಡಿದವನ ಮ್ಯಾಲೆ ತಪ್ಪು ಹಾಕ್ತೀಯಲ್ಲ ಬೀರಪ್ಪ, ಅವ್ನಿಗೆ ಉತ್ತರಾ ಕೊಡಾಕ ಬಾಯಿಲ್ಲ ಅಂತ," ಅಂದರು. ನನಗೆ ಬಂದ ಸಿಟ್ಟಿಗೆ ನನ್ನ ಬಿ.ಪಿ.ಯೇ ಏರಿರಬೇಕು.

ಕೊನೆಗೆ ಮೇಘನಾಳನ್ನು ಕರೆದುಕೊಂಡು ನಾನೇ ಅವರ ಮನೆಗೆ ಹೋದೆ. ಬೇಗಂ ಬಡವಾಗಿದ್ದಳು. ಕಣ್ಣ ಸುತ್ತ ಕಪ್ಪು, ತಲೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮೇಘನಾ ಅವಳ ತೋಳಿಗೆ ಪಟ್ಟಿ ಸುತ್ತಿ ನೋಡಿದಳು. ಮೊದಲ ಸಲ ಉರ್ದು ಶಾಲೆಯಲ್ಲಿ ಇನಾಯತನನ್ನು ನೋಡಿದಾಗ ಮಾಡಿದ ಮುಖವನ್ನೇ ಮಾಡಿದಳು.

"ಆಂಟಿ, ನೀವು ಗುಳಿಗಿ ಬಿಟ್ಟೀರಿ."

"ಬಿಟ್ಟೀನಿ ಬೇಟಿ. ನಾನೂ ಬಿದ್ರ ಇವರನ್ನ ನೋಡೋರು ಯಾರು?"

"ಬಿಟ್ರೇ ಬೀಳೋದು ಆಂಟಿ!"

"ಇವರು ಬಿಟ್ಟಿದ್ರೇನು? ದಿನಾ ತಗೊಂಡಾರ."

ನನಗೆ ತಡೆಯಲಾಗಲಿಲ್ಲ. "ಭಾಬಿ, ನಿಮ್ ಕಾಲಿಗೆ ಬೀಳ್ತೀನಿ. ಇದು ತಮಾಷೆ ಅಲ್ಲ. ಇವ್ನು ಮದುವಿ ಅಡಿಗಿ ಇದ್ದಾಗ ಒಂದೂ ನುಂಗಿಲ್ಲ. ನನ್ನ ನಂಬಬ್ಯಾಡ್ರಿ, ಇವ್ನನ್ನೇ ಕೇಳ್ರಿ. ತಲಿ ಅಲ್ಲಾಡಸ್ತಾನಲ್ಲ, ಕೇಳ್ರಿ!"

ಬೇಗಂ ನನ್ನನ್ನು ನೋಡಿದಳು, ಗಂಡನನ್ನು ನೋಡಿದಳು. ಎದ್ದು ಹೋಗಿ ಮಂಚದ ಪಕ್ಕ ಕೂತು, ಟವೆಲ್ಲಿನಿಂದ ಅವನ ಬಾಯಿ ಒರೆಸಿದಳು. ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಕೇಳಿದಳು: "ಏನ್ರೀ, ನಾನು ಕೈಯಾಗ ಕೊಟ್ಟ ಗುಳಿಗಿ, ನೀವು ದಿನಾ ನುಂಗ್ತಿದ್ರಿ, ಹೌದಲ್ಲ?"

ಇನಾಯತನ ಕಣ್ಣು ನನ್ನ ಮೇಲೆ ಬಂತು. ಅಲ್ಲಿಂದ ಮೇಘನಾಳ ಮೇಲೆ ಹೋಯಿತು. ಮತ್ತೆ ಹೆಂಡತಿಯ ಮುಖಕ್ಕೆ ಬಂತು. ದಿನವೂ ಬೆಳಗ್ಗೆ ಬಾಗಿಲಲ್ಲಿ ನಿಂತು ಅಂಗೈಗೆ ಮಾತ್ರೆ ಹಾಕಿದವಳ ಮುಖ ಅದು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ, ಒಂದು ಸಲ, ಒಂದೇ ಒಂದು ಸಲ ಮರ್ಯಾದೆ ಬಿಡು ಮಾರಾಯ ಎಂದು.

ಅವನು ಗೋಣು ಹಾಕಿದ. ಹೌದು ಅಂದ.

ಬೇಗಂ ನನ್ನ ಕಡೆ ತಿರುಗಲಿಲ್ಲ. ಎದ್ದು ಹೋಗಿ ಗೂಡಿನಲ್ಲಿದ್ದ ತನ್ನ ಮಾತ್ರೆ ಪಟ್ಟಿಗಳನ್ನೆಲ್ಲ ಗುಡಿಸಿ ತಂದು ಮೇಘನಾಳ ಕೈಗಿಟ್ಟಳು. "ತಗೊಂಡ್ ಹೋಗು ಬೇಟಿ. ಇನ್ಮ್ಯಾಲೆ ಈ ಮನಿಗೆ ಇವು ಬ್ಯಾಡ."

ಆಗ ಇನಾಯತ್ ಕೂಗತೊಡಗಿದ. ಬರೀ ಕೂಗು, ಅದರಲ್ಲಿ ಒಂದು ಅಕ್ಷರವಿಲ್ಲ. ಬದುಕಿದ್ದ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿದ, ಮೇಘನಾಳ ಕೈಯಲ್ಲಿದ್ದ ಮಾತ್ರೆಗಳ ಕಡೆ ಕೈ ಚಾಚಿದ, ತಲೆಯನ್ನು ಆ ಕಡೆ ಈ ಕಡೆ ಹೊಡೆದುಕೊಂಡ. ಕಣ್ಣಿಂದ ನೀರು ಧಾರೆಯಾಗಿ ಗಡ್ಡಕ್ಕಿಳಿಯಿತು. "ಭಾಬಿ, ನೋಡ್ರಿ, ಅಲ್ಲ ಅಂತಿದಾನ, ಈಗ ಅಲ್ಲ ಅಂತಿದಾನ!" ಎಂದು ನಾನು ಅರಚಿದೆ.

"ಹೊರಗ್ ಹೋಗ್ರಿ ಬೀರಣ್ಣ," ಅಂದಳು ಬೇಗಂ. "ಆ ಗುಳಿಗಿ ನೋಡಿದ್ರೇನೇ ಅವರ ಜೀವ ಹೆಂಗ್ ಹೆದರತೈತಿ ನೋಡ್ರಿ. ಸಾಕು ಹೋಗ್ರಿ." ಮೇಘನಾ ಪಟ್ಟಿಗಳನ್ನು ಚೀಲಕ್ಕೆ ಹಾಕಿಕೊಂಡು ಕಣ್ಣೊರೆಸುತ್ತ ಹೊರಗೆ ನಡೆದಳು. ನಾನು ಬಾಗಿಲಲ್ಲಿ ತಿರುಗಿ ನೋಡಿದೆ. ಇನಾಯತ್ ಇನ್ನೂ ಕೂಗುತ್ತಲೇ ಇದ್ದ. ಬೇಗಂ ಅವನ ತಲೆಯನ್ನು ಎದೆಗೊತ್ತಿಕೊಂಡು ಸವರುತ್ತ, "ಆತು, ಆತು, ಸುಮ್ಕಿರ್ರಿ. ನಾನು ತಗೊಳ್ಳಂಗಿಲ್ಲ, ಖಂಡಿತ ತಗೊಳ್ಳಂಗಿಲ್ಲ," ಎಂದು ಸಮಾಧಾನ ಮಾಡುತ್ತಿದ್ದಳು.